ಟವೆಲ್ ಕೆಳಗಿನ ಮಾತು

ನಮ್ಮ ಸೋದರಮಾವನ ಗಂಟಲಿಗೆ ಕ್ಯಾನ್ಸರ್ ಅಂದಾಗ ಪರಶುರಾಂಪುರದಲ್ಲಿ ಮೊದಲು ಯಾರೂ ನಂಬಲಿಲ್ಲ. ಅಷ್ಟು ದೊಡ್ಡ ಬಾಯಿ ಅವನದು. ಕುರಿ ದಲ್ಲಾಳಿ, ಚಳ್ಳಕೆರೆ ಸಂತೆಯ ಆ ಮೂಲೆಯಲ್ಲಿ ನಿಂತು ಯಾರನ್ನಾದರೂ ಬೈದರೆ ಈ ಮೂಲೆಯ ಟಗರು ತಲೆ ಎತ್ತುತ್ತಿತ್ತು. ಬೀಡಿಯೂ ಅಷ್ಟೇ ಧಾರಾಳ. ದನಿ ಒಡೆದಾಗ ಶುಂಠಿ, ಮೆಣಸು ಎಂದು ಕಾಲ ತಳ್ಳಿದ. ಕುತ್ತಿಗೆಯಲ್ಲಿ ಗಂಟು ಎದ್ದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಹೋದ.

ರೋಗ ಬಲಿತಿತ್ತು. ಆಪರೇಷನ್ ಮಾಡಿದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಇಲ್ಲವೇ ವಾರಗಟ್ಟಲೆ ರೇಡಿಯೇಶನ್, ಜೊತೆಗೆ ಸಲೈನಿನಲ್ಲಿ ಔಷಧಿ. ದನಿ ಉಳಿಯಬಹುದು, ಆದರೆ ನಡುವೆ ಬಿಡುವಂತಿಲ್ಲ. ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟು ಎಂದೇ ಹೆಸರು.

"ಕರೆಂಟೇ ಕೊಡ್ರಿ," ಎಂದ ಮಾವ. "ದನಿ ಕಿತ್ತು ಮನೀಗೆ ಕಳಿಸಿದ್ರೆ ನನ್ನ ಹೆಂಡ್ತಿ ಗೆದ್ದುಬಿಡ್ತಾಳೆ."

ಅರ್ಧ ಕರೆಂಟು ಮುಗಿದಿರುವಾಗ ಆಸ್ಪತ್ರೆಯ ಯುಗಾದಿ ರಜೆಗೆ ಊರಿಗೆ ಬಂದ. ಕುತ್ತಿಗೆ ಸುಟ್ಟು ಕಪ್ಪಾಗಿತ್ತು, ಅದರ ಮೇಲೆ ಮಿಷಿನ್ನಿಗೆಂದು ಎಳೆದ ನೇರಳೆ ಗೆರೆಗಳು. ಮಾರಾಟವಾದ ಕುರಿಗೆ ಬಣ್ಣ ಬಳಿಯುವುದು ಸಂತೆಯ ರೂಢಿ. ಮೊಳಕಾಲ್ಮೂರಿನ ವ್ಯಾಪಾರಿಯೊಬ್ಬ ನೋಡಿ, "ಏಮಯ್ಯಾ, ನಿನ್ನ ಯಾರು ಕೊಂಡ್ರು?" ಎಂದ. ಮಾವ ನಕ್ಕ, ಸದ್ದಿಲ್ಲದೆ. ದನಿ ಪೂರ್ತಿ ಹೋಗಿತ್ತು. ಬಾಯೆಲ್ಲ ಹುಣ್ಣು. ಹೋಳಿಗೆಯ ಚೂರೊಂದನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೂ ನುಂಗಲಾರದೆ ಉಗುಳಿದ. ನನಗೆ ಅಳು ಬಂತು, ಹಿತ್ತಲಿಗೆ ಹೋದೆ.

ಸೋಮವಾರ ಬೆಳಿಗ್ಗೆ ಬೆಂಗಳೂರಿಗೆ ವಾಪಸ್ ಹೊರಟಾಗ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವನು ಏಳಲೇ ಇಲ್ಲ. ಸಾಕು ಎಂದು ಕೈಯಾಡಿಸಿದ. ಅತ್ತೆ ಅತ್ತಳು. ನಾನು ಓದಿದವನೆಂಬ ಜಂಭದಲ್ಲಿ ಭಾಷಣ ಬಿಗಿದೆ. ಕಂಡಕ್ಟರ್ ಸೀಟಿ ಊದಿದ. ಮಾವ ಕಲ್ಲಿಗೆ ಕಲ್ಲಾಗಿ ಕೂತಿದ್ದ.

ಆಗ ನಮ್ಮವ್ವ, ಅವನ ಅಕ್ಕ, ಅವನ ಹೆಗಲ ಟವೆಲ್ ಎಳೆದು ಅವನ ಕೈ ಮೇಲೆ ಹೊದಿಸಿ, ಕೆಳಗೆ ತನ್ನ ಕೈ ತೂರಿಸಿದಳು. ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ಚೌಕಾಶಿ ಮಾಡುತ್ತಾರೆ. ಅದು ಗಂಡಸರ ಕೆಲಸ. ಬಸ್‌ಸ್ಟ್ಯಾಂಡಿನ ಹೊರಗೆ ಮೇವಿನ ಗಾಡಿಯೊಂದರ ಹತ್ತಿರ ನಿಂತಿದ್ದ ಕುರಿಯವರೆಲ್ಲ ತಿರುಗಿ ನೋಡಿದರು. ಅವ್ವ ಯಾರ ಕಡೆಗೂ ನೋಡಲಿಲ್ಲ.

ಟವೆಲ್ ಅಲ್ಲಾಡಿತು. ಒಳಗೆ ನಡೆದದ್ದನ್ನು ಆಮೇಲೆ ಹೇಳಿದಳು: ಇನ್ನು ಮೂರು ವಾರದ ಕರೆಂಟು ಬಾಕಿ, ಅವ್ವ ಮೂರು ಬೆರಳು ಹಿಡಿದಳು. ಮಾವ ಕೊಸರಿಕೊಂಡು ಒಂದು ಕೊಟ್ಟ. ಅವ್ವ ಮತ್ತೆ ಮೂರು. ಅವನು ಎರಡಕ್ಕೆ ಬಂದ. ದಲ್ಲಾಳಿ ಎಷ್ಟಾದರೂ ದಲ್ಲಾಳಿಯೇ. ಅವ್ವ ಬಿಡಲಿಲ್ಲ. ಕಡೆಗೆ ಅವನ ಅಂಗೈ ಅವಳ ಕೈಯನ್ನು ಅದುಮಿತು. ವ್ಯಾಪಾರ ಮುಗಿಯಿತು ಎಂದರ್ಥ. ಟವೆಲ್ ಕೆಳಗೆ ಕೊಟ್ಟ ಮಾತಿಗೆ ತಪ್ಪಿದವನ ಜೊತೆ ಸಂತೆಯಲ್ಲಿ ಯಾರೂ ವ್ಯವಹಾರ ಮಾಡುವುದಿಲ್ಲ. ಮಾವ ಎದ್ದು ಬಸ್ಸು ಹತ್ತಿದ.

ಗಂಟು ಕರಗಿತು. ತಿಂಗಳುಗಳು ಕಳೆದ ಮೇಲೆ ದನಿಯೂ ಬಂತು, ತಗಡು ಕೆರೆದ ಹಾಗೆ. ಮರುವರ್ಷ ಯುಗಾದಿಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತವನು ಬೆರಳು ನೀವಿಕೊಳ್ಳುತ್ತ ದೂರು ಹೇಳಿದ. "ಅಕ್ಕಾ, ಅವತ್ತು ಬೆರಳು ಮುರಿಯಂಗೆ ಹಿಡಿದಿದ್ಯಲ್ಲ, ಈಗ್ಲೂ ನೋವೈತೆ."

"ಸಡಿಲ ಬಿಟ್ಟಿದ್ರೆ ನೀನು ಹೋಗಿಬಿಡ್ತಿದ್ದೆ," ಎಂದು ಅವ್ವ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.