ಅಲುಗಾಡದ ಶಾಲು

ಸತ್ತವರ ಕಣ್ಣು ತೆರೆಸಿಕೊಡಿ ಎಂದು ನನ್ನ ಸ್ಟುಡಿಯೋಕ್ಕೆ ಬರುವವರು ಬೇಕಾದಷ್ಟು ಜನ ಇದ್ದಾರೆ. ಮಲಗಿದವರ ಕಣ್ಣು ತೆರೆಸಿಕೊಡಿ ಎಂದು ಕೇಳಿದವರನ್ನು ಹೋದ ವಾರವೇ ಮೊದಲು ಕಂಡೆ.

ಗಾಬರಿಯಾಗಬೇಡಿ. ಇದು ನಮ್ಮ ಧಂದೆಯ ದಿನದ ಕೆಲಸ. ಬದುಕಿದ್ದಾಗ ಹಿರಿಯರು ಫೋಟೋ ತೆಗೆಸಿಕೊಂಡಿರುವುದಿಲ್ಲ. (ಆಯುಷ್ಯ ಕಡಿಮೆಯಾಗುತ್ತದಂತೆ.) ತೀರಿಕೊಂಡ ಮೇಲೆ ಮಕ್ಕಳು ಓಡಿ ಬರುತ್ತಾರೆ. ಗೋಡೆಗೆ ಒರಗಿಸಿ, ತಲೆಗೆ ರುಮಾಲು ಸುತ್ತಿ ಕೂರಿಸಿರುತ್ತಾರೆ. ನಾನು ಫೋಟೋ ತೆಗೆದು ತಂದು ಸಣ್ಣ ಕುಂಚದಿಂದ ಎರಡು ಕಣ್ಣು ಬರೆದುಕೊಡುತ್ತೇನೆ. ಇದರಲ್ಲಿ ಮೋಸವಿಲ್ಲ. ಸತ್ತಿದ್ದಾರೆಂದು ಮನೆಮಂದಿಗೆಲ್ಲ ಗೊತ್ತೇ ಇರುತ್ತದೆ.

ಆದರೆ ಮಲಗಿದವರು? ಎದ್ದ ಮೇಲೆ ಇನ್ನೊಂದು ಫೋಟೋ ತೆಗೆದರಾಯಿತಲ್ಲ?

ಮೊದಲಿನಿಂದ ಹೇಳುತ್ತೇನೆ. ಇಲ್ಲಿ ಪುಣೆಯ ರವಿವಾರ ಪೇಠೆಯಲ್ಲಿ ನಮ್ಮ ಕಡೆಯ ಜವಳಿ ವ್ಯಾಪಾರಿಯೊಬ್ಬರು ಇದ್ದರು ಎಂದು ಇಟ್ಟುಕೊಳ್ಳಿ. (ಯಾರು, ಯಾರು ಎಂದು ಊಹಿಸತೊಡಗಿದ್ದೀರಿ, ನನಗೆ ಗೊತ್ತು. ಪೇಠೆಯ ಹೆಸರನ್ನೂ ಬದಲಿಸಿದ್ದೇನೆ, ಸುಮ್ಮನೆ ಶ್ರಮಪಡಬೇಡಿ.) ವಯಸ್ಸಾದವರು, ಮಕ್ಕಳಿಲ್ಲ, ಬಹಳ ದಿನದಿಂದ ಹಾಸಿಗೆ ಹಿಡಿದವರು. ಅಂಗಡಿ ನೋಡಿಕೊಳ್ಳುತ್ತಿದ್ದವನು ಅವರ ತಮ್ಮ. ಒಂದು ಮುಂಜಾನೆ ಆ ತಮ್ಮನ ಆಳು ಬಂದು, ಹಿರಿಯ ಯಜಮಾನರು ತಮ್ಮನ ಮಗನನ್ನು ದತ್ತಕ ತೆಗೆದುಕೊಂಡಿದ್ದಾರೆ, ಕೂಡಲೇ ಬಂದು ಫೋಟೋ ಹೊಡೆಯಬೇಕಂತೆ ಎಂದ.

ನನಗೆ ಸಂಶಯದ ಸ್ವಭಾವ. ಗೌಳಿ ಕಣ್ಣೆದುರೇ ಎಮ್ಮೆ ಕರೆದುಕೊಟ್ಟರೂ ನಾನು ಹಾಲಿಗೆ ಬೆರಳು ಅದ್ದಿ ನೋಡುತ್ತೇನೆಂದು ಹೆಂಡತಿ ಹಾಸ್ಯ ಮಾಡುತ್ತಾಳೆ. ಹೋಗಿ ನೋಡಿದರೆ, ದತ್ತಕವಾದ ಮನೆಯಲ್ಲಿ ಹೋಮದ ಹೊಗೆಯ ವಾಸನೆಯೇ ಇಲ್ಲ. ಪುರೋಹಿತರು ಈಗಷ್ಟೇ ಮುಗಿಸಿ ಹೋದರಂತೆ. ಈಗಷ್ಟೇ ಎಂದರೆ ಮೆಟ್ಟಿಲಲ್ಲಿ ನನಗೆ ಎದುರಾಗಬೇಕಿತ್ತಲ್ಲ?

ಯಜಮಾನರನ್ನು ಲೋಡಿಗೆ ಒರಗಿಸಿದ್ದರು. ಜರಿ ರುಮಾಲು, ಗದ್ದದವರೆಗೆ ಹೊದೆಸಿದ ಶಾಲು, ಮುಚ್ಚಿದ ಕಣ್ಣು. ತೊಡೆಯ ಮೇಲೆ ದತ್ತಕದ ಹುಡುಗ. ಅವನು ಇಳಿಯಲು ಒದ್ದಾಡುತ್ತಿದ್ದ. ಒಂದು ಪಕ್ಕದಲ್ಲಿ ತಮ್ಮ, ಇನ್ನೊಂದು ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದ ಯಜಮಾನರ ಹೆಂಡತಿ.

“ಅಣ್ಣ ಔಷಧ ತಗೊಂಡು ಮಲಗ್ಯಾನ್ರಿ. ಎಬ್ಬಸಬ್ಯಾಡ್ರಿ,” ಎಂದ ತಮ್ಮ.

ಕೋಣೆಯಲ್ಲಿ ಕತ್ತಲೆ. ಬೆಳಕಿನ ಪುಡಿ ಹೊತ್ತಿಸುತ್ತೇನೆಂದರೆ ರೋಗಿಗೆ ಹೊಗೆ ಆಗದು. ಕಿಟಕಿ ಪೂರ್ತಿ ತೆರೆಯಿರಿ ಎಂದರೆ ಬಿಸಿಲು ಆಗದು. ಸರಿ, ಲೆನ್ಸಿನ ಮುಚ್ಚಳ ತೆಗೆದು ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕಾಯಿತು. ಅಷ್ಟು ಹೊತ್ತು ಯಾರೂ ಮಿಸುಕಬಾರದು. ಆ ಹೆಂಗಸು ಮಾತ್ರ ಅಲುಗಾಡುತ್ತಲೇ ಇದ್ದರು. ಅಕ್ಕಾರ, ಸ್ವಲ್ಪ ತಡೀರಿ ಎಂದು ಎರಡು ಸಲ ಹೇಳಿದೆ. ಉಪಯೋಗವಾಗಲಿಲ್ಲ.

ಹೊರಡುವಾಗ ತಮ್ಮ ಮೆಟ್ಟಿಲವರೆಗೆ ಬಂದ. ದನಿ ತಗ್ಗಿಸಿದ. “ಕಣ್ಣೊಂದು ತೆರದಂಗ ಮಾಡಿ ಕೊಡ್ರಿ.”

ಆ ದಿನ ಸಂಜೆ ಯಜಮಾನರು ತೀರಿಕೊಂಡರೆಂದು ಪೇಠೆಯಲ್ಲೆಲ್ಲ ಸುದ್ದಿಯಾಯಿತು. ಸಂಜೆಯೋ?

ಈಗ ನನ್ನ ಹುಚ್ಚಿನ ವಿಷಯ ಹೇಳಲೇಬೇಕು. ಹೊಟ್ಟೆಗಾಗಿ ಮದುವೆ, ಮುಂಜಿವೆ, ಆಫೀಸಿನ ಗ್ರೂಪು ತೆಗೆಯುತ್ತೇನೆ. ಖುಷಿಗಾಗಿ ತೆಗೆಯುವುದು ಮಲಗಿದವರ ಫೋಟೋ. ಮಧ್ಯಾಹ್ನ ಉಂಡ ಮೇಲೆ ಈ ಪುಣೆ ಹೇಗೆ ಮಲಗುತ್ತದೆಂದು ಇಲ್ಲಿದ್ದವರಿಗೆ ಗೊತ್ತು. ಗಿರಾಕಿ ಬಾಗಿಲಲ್ಲಿ ನಿಂತು ಕೂಗಿದರೂ ಶೇಠಜಿ ಏಳುವುದಿಲ್ಲ. ತಕ್ಕಡಿಯ ಪಕ್ಕ ಮಲಗಿದ ಕಿರಾಣಿಯವನು, ಟಾಂಗಾದೊಳಗೆ ಕಾಲು ಮಡಚಿಕೊಂಡ ಟಾಂಗಾವಾಲಾ, ಮನೆ ಮುಂದಿನ ಓಸರಿಯಲ್ಲಿ ಪಂಚೆ ಹೊದ್ದ ವಕೀಲರು, ಎಲ್ಲರೂ ನನ್ನ ಪೆಟ್ಟಿಗೆಯಲ್ಲಿದ್ದಾರೆ. ಒಬ್ಬ ನಡುವೆ ಎದ್ದು, ಏನು ಕದ್ದೆ ಎಂದು ಮರಾಠಿಯಲ್ಲಿ ಬೈದು ನನ್ನ ಚೀಲ ಜಾಲಾಡಿದ್ದೂ ಉಂಟು. ಇವನ್ನು ಯಾರೂ ಕೊಳ್ಳುವುದಿಲ್ಲ. ಫೋಟೋದ ಗಾಜಿನ ಪ್ಲೇಟು ದಂಡ ಎಂದು ಹೆಂಡತಿ ಗೊಣಗುತ್ತಾಳೆ.

ಆದರೆ ಆ ಫೋಟೋಗಳಿಂದ ಒಂದು ಸಂಗತಿ ಕಲಿತಿದ್ದೇನೆ. ಮುಚ್ಚಳ ತೆಗೆದಿಟ್ಟಷ್ಟೂ ಹೊತ್ತು ಮಲಗಿದವನ ಮುಖ ಕಲ್ಲಿನಂತೆ ನಿಂತೀತು. ಅವನ ಹೊದಿಕೆ ನಿಲ್ಲುವುದಿಲ್ಲ. ಉಸಿರಾಡಿದಂತೆ ಎದೆಯ ಮೇಲಿನ ಬಟ್ಟೆ ಏರಿ ಇಳಿದು ಮಸುಕಾಗುತ್ತದೆ. ಒಂದರಲ್ಲೂ ಇದು ತಪ್ಪಿಲ್ಲ.

ದತ್ತಕದ ಪ್ಲೇಟನ್ನು ತೊಳೆದು ಬೆಳಕಿಗೆ ಹಿಡಿದೆ. ಹುಡುಗ ಮಸುಕು. ತಮ್ಮನ ಮೀಸೆ ಮಸುಕು. ಹೆಂಡತಿಯ ಮುಖವಂತೂ ಬರೀ ಹೊಗೆ. ಯಜಮಾನರ ಎದೆಯ ಮೇಲಿನ ಶಾಲು ಮಾತ್ರ ಸ್ಪಷ್ಟ. ಅಂಚಿನ ಎಳೆ ಎಳೆ ಎಣಿಸಬಹುದಿತ್ತು.

ಮರುದಿನದಿಂದ ತಮ್ಮನ ಆಳು ಬರತೊಡಗಿದ. ಕಣ್ಣು ಆಯಿತೇ? ಇನ್ನು ಮುಂದೆ ಮನೆಯ ಎಲ್ಲ ಕಾರ್ಯದ ಫೋಟೋ ನನಗೇ ಅಂತೆ. ಊರವರಿಗೆಲ್ಲ ಬರೆದುಕೊಡುವ ಕಣ್ಣು ನಮಗೇಕಿಲ್ಲ ಎಂದೂ ತಮ್ಮ ಕೇಳಿದ್ದಾನಂತೆ. ಪ್ಲೇಟನ್ನು ಸ್ಟುಡಿಯೋದಲ್ಲಿ ಇಡಲು ಧೈರ್ಯವಾಗಲಿಲ್ಲ. ಎಲ್ಲಿಟ್ಟಿದ್ದೇನೆಂದು ನಿಮಗೂ ಹೇಳುವುದಿಲ್ಲ.

ನನಗೆ ಆ ಹೆಂಗಸಿನ ಮೇಲೂ ಸಂಶಯವಿತ್ತು. ಪಕ್ಕದಲ್ಲೇ ಕುಳಿತವರಿಗೆ ಗೊತ್ತಾಗದೆ ಇರುತ್ತದೆಯೇ? ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ? ಮೈದುನನ ಜೊತೆ ಸೇರಿದ್ದಾರೋ? ಒಂದು ಪ್ರತಿ ಮಾಡಿ ಕೋಟಿನೊಳಗೆ ಇಟ್ಟುಕೊಂಡು, ಮಾತನಾಡಿಸಿ ಬರುವ ನೆವದಲ್ಲಿ ಆ ಮನೆಗೆ ಹೋದೆ. ಬೇಕೆಂದೇ ಮಧ್ಯಾಹ್ನ ಹೋದೆ. ನಾನಂದುಕೊಂಡಂತೆ ತಮ್ಮ ನಡುಮನೆಯಲ್ಲಿ ಗಡದ್ದಾಗಿ ಮಲಗಿದ್ದ. ಹೊದಿಕೆ ಏರಿ ಇಳಿಯುತ್ತಿತ್ತು. (ನೋಡದೆ ಇರಲಾಗಲಿಲ್ಲ.)

ಆಕೆ ಅಡಿಗೆಮನೆಯ ಹೊಸ್ತಿಲ ಒಳಗೆ ಕುಳಿತಿದ್ದರು. ನಾನು ಹೊರಗೆ ಕುಳಿತು ಫೋಟೋ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ತಾವಾಗಿಯೇ ಹೇಳತೊಡಗಿದರು. ಅಂದು ಬೆಳಕು ಹರಿಯುವ ಮೊದಲೇ ಯಜಮಾನರು ಹೋಗಿದ್ದರು. ಫೋಟೋ ಆಗುವವರೆಗೆ ಹೊರಗೆ ಗೊತ್ತಾಗಬಾರದು, ಅತ್ತರೆ ಈ ಮನೆಯಲ್ಲಿ ನಿನಗೆ ಜಾಗವಿಲ್ಲ ಎಂದು ಮೈದುನ ಹೇಳಿದ್ದ. ಈಗ ಜಾಗ ಇದೆ, ಅಡಿಗೆಮನೆಯ ಮೂಲೆಯಲ್ಲಿ. ದತ್ತಕ ನಿಂತರೆ ಗಂಡ ಕಟ್ಟಿದ ಅಂಗಡಿ, ಮನೆ ಎಲ್ಲ ಮಗನ ಹೆಸರಿನಲ್ಲಿ ಮೈದುನನ ಕೈಗೆ. ಸತ್ಯ ಹೇಳಿದರೆ ದುಃಖದಲ್ಲಿ ತಲೆ ಕೆಟ್ಟಿದೆ ಎನ್ನುತ್ತಾರೆ, ಈಗಾಗಲೇ ಎನ್ನುತ್ತಿದ್ದಾರೆ.

“ಸೆರಗು ಬಾಯಾಗ ತುರುಕ್ಕೊಂಡು ಕುಂತಿದ್ದೆ. ನಾ ಹೆಂಗ ಬಂದೇನ್ರಿ ಇದರಾಗ?” ಎಂದು ಕೇಳಿದರು.

“ನಿಮ್ಮ ಮುಖ ಬಂದಿಲ್ರಿ ಅಕ್ಕಾರ. ಭಾಳ ಅಲುಗಾಡೀರಿ.”

ಆಕೆ ಆ ಮಸುಕಿನ ಮೇಲೆ ಬೆರಳಿಟ್ಟರು. “ಹಂಗ ಇರ್ಲಿ. ತಿದ್ದಬ್ಯಾಡ್ರಿ.”

ನನ್ನ ಸಂಶಯಕ್ಕೆ ನನಗೇ ನಾಚಿಕೆಯಾಯಿತು. ಎದ್ದು ಬಂದೆ.

ದತ್ತಕದ ಮೇಲೆ ದಾವೆ ಹೂಡಲು ಬೆಳಗಾವಿಯಿಂದ ಆಕೆಯ ಅಣ್ಣ ಬರುವವರಿದ್ದಾರೆ. ಪ್ಲೇಟು ಅವರ ಕೈಗೆ ಹೋಗುತ್ತದೆ. ಅದರ ಜೊತೆ ನನ್ನ ಮಲಗಿದವರೆಲ್ಲರೂ ಹೋಗುತ್ತಾರೆ, ಟಾಂಗಾವಾಲಾನಿಂದ ವಕೀಲರವರೆಗೆ. ಕಣ್ಣು ಬರೆಯುವವನ ಫೋಟೋವನ್ನು ಹೇಗೆ ನಂಬುವುದು ಎಂದು ಕೋರ್ಟಿನಲ್ಲಿ ಕೇಳುತ್ತಾರೆ. ಕೇಳಲಿ, ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಶಾಲಿನ ಎಳೆಗಳನ್ನೂ ನಾನೇ ತಿದ್ದಿದೆ ಎನ್ನಲಿ. ನನ್ನದು ಒಂದೇ ಪ್ರಶ್ನೆ.

ಔಷಧ ಕುಡಿದು ಹಾಯಾಗಿ ಮಲಗಿದ ಗಂಡನ ಪಕ್ಕ ಕುಳಿತು ಯಾವ ಹೆಂಡತಿ ತನ್ನ ಮುಖವೇ ಕಾಣದಷ್ಟು ನಡುಗುತ್ತಾಳೆ?