ಮೋರಟಗಿಯ ಚಲೋ ಮೂಲೆಗಳು

ಮನೆಯಾಕೆ ಜೋಳ ಹಸನು ಮಾಡಲು ಕೂತರೆ ಸಾಕು, ಮೊರದಿಂದ ಏಳುವ ದೂಳಿಗೆ ನನಗೆ ಸೀನು ಬರುವ ಮೊದಲೇ ಎದೆ ಡವಡವ ಎನ್ನುತ್ತದೆ. ನಗಬೇಡಿ. ಜೋಳಕ್ಕೆ ಹೆದರುವ ಗಂಡಸನ್ನು ನೀವು ಕಂಡಿರಲಿಕ್ಕಿಲ್ಲ.

ಎಪ್ಪತ್ತರ ದಶಕದ ಮಾತು. ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದ ಹುರುಪಿನಲ್ಲಿ, ಕೃಷಿ ಇಲಾಖೆಯ ಹಂಗಾಮಿ ನೌಕರನಾಗಿ ಸಿಂದಗಿ ತಾಲ್ಲೂಕಿನ ಮೋರಟಗಿಗೆ ಹೋಗಿದ್ದೆ. ಹೊಸ ಜೋಳದ ಬೀಜ ಬಿತ್ತಿದ ಹತ್ತು ಹೊಲಗಳಲ್ಲಿ ಒಂದೊಂದು ತುಂಡು ಜಾಗ ಅಳೆದು, ಕೊಯ್ದು, ತೂಗಬೇಕಿತ್ತು. ಹಳೆಯ ಬೀಜದ ಸರಾಸರಿ ಇಳುವರಿ ಕಚೇರಿಯಲ್ಲಿತ್ತು. ಹೊಸದರ ಸರಾಸರಿಯೂ ಅಷ್ಟೇ ಎಂದು ಮೊದಲು ಊಹಿಸಿಕೊಳ್ಳಬೇಕು. ನನ್ನ ಹತ್ತು ತೂಕಗಳ ಸರಾಸರಿ ಬರೀ ಅದೃಷ್ಟದಿಂದ ಬರಲಾರದಷ್ಟು ಮೇಲಿದ್ದರೆ ಮಾತ್ರ ಆ ಊಹೆಯನ್ನು ಕೈಬಿಡಬೇಕು. ಕೈಬಿಟ್ಟರೆ ಮುಂದಿನ ಹಿಂಗಾರಿಗೆ ತಾಲ್ಲೂಕಿಗೆಲ್ಲ ಹೊಸ ಬೀಜವೇ. ನಾನು ತಪ್ಪಿದರೆ ರೈತರ ರೊಟ್ಟಿಗೆ ಕುತ್ತು.

ಕೊಯ್ಯುವ ಜಾಗವನ್ನು ಚೀಟಿ ಎತ್ತಿ ಗೊತ್ತು ಮಾಡುತ್ತಿದ್ದೆ: ಹೊಲದ ಮೂಲೆಯಿಂದ ಇಷ್ಟು ಹೆಜ್ಜೆ. ಆದರೆ ಹೆಜ್ಜೆ ಎಣಿಸುವ ಮೊದಲೇ ಎದುರಿಗೆ ಹೊಲದವರ ರೊಟ್ಟಿ, ಪುಂಡಿಪಲ್ಯೆ, ಮಜ್ಜಿಗೆ. ಉಂಡು ಎದ್ದರೆ, "ಆ ಕಡಿ ಮುಳ್ಳ ಅದಾವ್ರಿ ಸಾಹೇಬ್ರ, ಈ ಕಡಿ ಬರ್ರಿ." ಉಂಡ ಬಾಯಲ್ಲಿ ಒಲ್ಲೆ ಎನ್ನಲು ನನ್ನಿಂದಾಗಲಿಲ್ಲ. ನಾಲ್ಕು ಹೆಜ್ಜೆ ಅತ್ತಿತ್ತ ಆದರೇನು ಎಂದುಕೊಂಡೆ. ಒಂಬತ್ತು ಹೊಲ ಮುಗಿಯುವಷ್ಟರಲ್ಲಿ ತೂಕ ಎಷ್ಟು ಭರ್ಜರಿಯಾಗಿತ್ತೆಂದರೆ, ಹೊಸ ಬೀಜವೇ ಮೇಲು ಎಂದು ವರದಿಯನ್ನೂ ಬರೆದಿಟ್ಟೆ.

ಹತ್ತನೆಯದು ಶಾಂತವ್ವನ ಹೊಲ. ಗಂಡ ತೀರಿದ ಮೇಲೆ ಒಬ್ಬಳೇ ಒಕ್ಕಲುತನ ಮಾಡುತ್ತಿದ್ದ ಹಿರಿಯಾಕೆ. ಚೀಟಿಯ ಅಂಕಿ ಬಡಕಲು ತೆನೆಗಳ ನಡುವೆ ನನ್ನನ್ನು ನಿಲ್ಲಿಸಿತು.

"ಅಲ್ಲಿ ಬ್ಯಾಡ್ರಿ, ಬಾವಿ ಬಾಜೂಕ ಬರ್ರಿ," ಎಂದಳು.

"ಇಲ್ಲೂ ಮುಳ್ಳ ಅದಾವೇನವ್ವಾ?"

"ಎಲ್ಲೀ ಮುಳ್ರಿ! ಮನಿಗೆ ಬಂದವ್ರಿಗೆ ಹರಕ ಚಾಪಿ ಹಾಸ್ತೀವೇನು? ಊರಾಗ ಎಲ್ಲಾರೂ ನಿಮಗ ಚಲೋ ಮೂಲೀನೇ ತೋರಿಸ್ಯಾರ. ನಾ ಒಬ್ಬಾಕಿನೇ ಮರ್ಯಾದಿ ಕಳಕೋಬೇಕೇನು?"

ಅಂದರೆ ನನ್ನ ಒಂಬತ್ತು ತೂಕಗಳೂ ಚಲೋ ಮೂಲೆಗಳವೇ. ಉಳಿದ ಹೊಲಗಳ ಕೊಯ್ಲು ಮುಗಿದಿತ್ತು, ಮತ್ತೆ ಅಳೆಯುವಂತಿರಲಿಲ್ಲ. ಆ ಬಡಕಲು ಜಾಗವನ್ನೇ ಕೊಯ್ದೆ. ಶಾಂತವ್ವ ಮುಖ ತಿರುಗಿಸಿ ನಿಂತಳು.

ವರದಿ ಹರಿದು ಹೊಸದನ್ನು ಬರೆದೆ. ವಿಜಾಪುರದ ಸಾಹೇಬರು ಓದಿ ಸಿಡುಕಿದರು: "ಹೇಳಾಕ ಬರೂದಿಲ್ಲ ಅಂತ ಬರಿಯಾಕ ನಿನ್ನ ಕಳಿಸಿದ್ವೇನು?" ನೌಕರಿ ಅಲ್ಲಿಗೇ ಮುಗಿಯಿತು. ಬೀಜವೂ ಬರಲಿಲ್ಲ.

ಸತ್ಯ ಹೇಳಿದೆನೆಂದು ಬೆನ್ನು ತಟ್ಟಿಕೊಳ್ಳೋಣವೆಂದರೆ, ಬೀಜ ನಿಜಕ್ಕೂ ಒಳ್ಳೆಯದೇ ಆಗಿದ್ದರೆ? ಉಂಡ ಸಂಕೋಚಕ್ಕೆ ನಾನು ಸರಿದ ಆ ನಾಲ್ಕು ಹೆಜ್ಜೆ ಎಷ್ಟು ಮನೆಗಳ ಕಣಜ ಬರಿದು ಮಾಡಿತೋ, ಯಾರಿಗೂ ಗೊತ್ತಿಲ್ಲ. ಆ ಹೆದರಿಕೆ ಇನ್ನೂ ಹೋಗಿಲ್ಲ.

ಇಷ್ಟು ಬರೆದವನಿಗೆ ಮೊನ್ನೆಯ ಸಕ್ಕರೆ ಪರೀಕ್ಷೆ ನೆನಪಾಯಿತು. ನಾಲ್ಕು ದಿನ ಸಿಹಿ ಬಿಟ್ಟು ರಕ್ತ ಕೊಟ್ಟು, ಡಾಕ್ಟರರಿಂದ ಭೇಷ್ ಅನ್ನಿಸಿಕೊಂಡು ಬಂದಿದ್ದೆ. ಕೂಡಲೇ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ.

"ಹಂಗಾರ ದಿನಾ ಹೆಂಗ ಉಣ್ತೀರಿ ಹಂಗ ಉಂಡು, ಮುಂದಿನ ವಾರ ಬರ್ರಿ," ಎಂದರು.

ಮಧ್ಯಾಹ್ನ ದಿನದಂತೆ ಎರಡು ಶೇಂಗಾ ಹೋಳಿಗೆ ಹಾಕಿಸಿಕೊಂಡೆ. ಮುಂದಿನ ವಾರ ಬರುವ ಅಂಕಿ ನೆನೆದು ಹೆದರಿಕೆಯಾಯಿತು, ಆದರೂ ತಿಂದೆ.