ಇಂಟರ್‌ವಲ್‌ಗೆ ಎದ್ದು ಬರುತ್ತಿದ್ದ ಅಕ್ಕ

ಮೊನ್ನೆ ಬೆಳಗಿನ ರೈಲಿನಲ್ಲಿ ನನ್ನ ಎದುರು ಕೂತಿದ್ದ ಹುಡುಗಿ ಬ್ಯಾಗಿನಿಂದ ಪುಟ್ಟ ಸೀಸೆ ತೆಗೆದು, ಕರವಸ್ತ್ರಕ್ಕೆ ಒಂದಿಷ್ಟು ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಹಿಡಿದಳು. ನೆಗಡಿಯಾಗಿತ್ತೋ, ಬೋಗಿಯ ಆ ತುದಿಯಿಂದ ಬರುತ್ತಿದ್ದ ಕಕ್ಕಸಿನ ವಾಸನೆ ತಡೆಯಲಾಗಲಿಲ್ಲವೋ ಗೊತ್ತಿಲ್ಲ. ಎಣ್ಣೆಯ ಘಾಟು ನನ್ನವರೆಗೆ ಬಂದ ಕೂಡಲೇ ನಾನು ಕಿಟಕಿ ಪಕ್ಕದ ಸೀಟಿನ ಕಡೆ ತಿರುಗಿಬಿಟ್ಟೆ. ಅಲ್ಲಿ ಯಾರೋ ಗಂಡಸು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ. ಅದು ಅಕ್ಕನ ಸೀಟು...

ನಾವು ಅವಳನ್ನು ಕೋರಮಂಡಲ್ ಅಕ್ಕ ಎನ್ನುತ್ತಿದ್ದೆವು. ರೈಲಿನಲ್ಲಿ ಯಾರ ಹೆಸರೂ ಯಾರಿಗೂ ಬೇಕಿರಲಿಲ್ಲ, ಹತ್ತುವ ಸ್ಟೇಷನ್ನೇ ಹೆಸರು. ನಾನು ಬಂಗಾರಪೇಟೆ. ಟೇಕಲ್‌ನಲ್ಲಿ ಹತ್ತುತ್ತಿದ್ದವಳು ಟೇಕಲ್. ಕೋರಮಂಡಲ್ ಇರುವುದು ಕೆಜಿಎಫ್‌ನಲ್ಲಿ, ರೈಲು ಹೊರಡುವುದೂ ಆ ಕಡೆಯಿಂದಲೇ, ಹಾಗಾಗಿ ಸೀಟು ಅವರಿಗೆ, ನಿಲ್ಲುವ ಭಾಗ್ಯ ನಮಗೆ. ಅಕ್ಕ ಮಾತ್ರ ತನ್ನ ಪಕ್ಕದಲ್ಲಿ ಊಟದ ಚೀಲ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದಳು. ಯಾರಾದರೂ ಚೀಲ ಎತ್ತಲು ಬಂದರೆ "ಆಳು ಬತ್ತೈತೆ" ಎಂದು ಒಂದೇ ಮಾತು. ಬಂಗಾರಪೇಟೆ ಬರುವವರೆಗೂ ಆ ಆಳು ಬರುವುದಿಲ್ಲ ಎಂದು ಗೊತ್ತಿದ್ದವರೂ ಅವಳ ಮೈಕಟ್ಟು, ಗಂಟಲು ನೋಡಿ ಸುಮ್ಮನಾಗುತ್ತಿದ್ದರು.

ಅವಳ ಅಪ್ಪ ಗಣಿಯೊಳಗೆ ಇಳಿಯುತ್ತಿದ್ದವರು. ಗಣಿ ಮುಚ್ಚಿದ ಮೇಲೂ, ಸಾಯುವವರೆಗೆ, ಅವರು ಗಣಿಯವರು ಕೊಟ್ಟಿದ್ದ ಲೈನ್ ಮನೆ ಬಿಟ್ಟು ಕದಲಲಿಲ್ಲ. ಅಕ್ಕ ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ದಿನವಿಡೀ ಫಿನಾಯಿಲ್ ಕುಡಿದ ಮೂಗಿಗೆ ಬೇರೆ ಏನಾದರೂ ಬೇಕು ಎಂದು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ನಮ್ಮ ಜೊತೆ ಮೂರನ್ನೂ ಕಲಸಿದ ಕನ್ನಡ. ಮದುವೆಯಾಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅವಳ ಮುಖ್ಯ ಕೆಲಸ ಏನಿದ್ದರೂ ರೈಲಿನಲ್ಲೇ. ಹಿಂದಿನ ದಿನದ ಸೀರಿಯಲ್ ಹೇಳುವುದು. ಅದು ಬರುವ ಹೊತ್ತಿಗೆ ನಾವೆಲ್ಲ ಸಂಜೆಯ ರೈಲಿನಲ್ಲಿ ಜೋತಾಡುತ್ತಿರುತ್ತಿದ್ದೆವು. ಮಧ್ಯಾಹ್ನ ಮರುಪ್ರಸಾರವಾಗುವಾಗ ನಾನು ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ. ಕೈಯಲ್ಲಿದ್ದದ್ದು ಬಟನ್ ಫೋನು. ಅಕ್ಕ ಸಂಜೆ ವಾಪಸಾಗುತ್ತಿದ್ದದ್ದು ನಮ್ಮದರ ನಂತರದ ರೈಲಿಗೆ, ಅವಳು ಕೆಲಸ ಮಾಡುತ್ತಿದ್ದಲ್ಲಿ ರೋಗಿಗಳ ಕಡೆಯವರು ಕೂರುವ ಹಾಲಿನಲ್ಲಿ ಟೀವಿ ಇತ್ತು. ಹಾಗಾಗಿ ನಮ್ಮ ಮೂಲೆಗೆಲ್ಲ ಕಣ್ಣು ಅವಳೊಬ್ಬಳೇ. ಟೇಕಲ್ ಹತ್ತಿದ ಮೇಲೆ ಕತೆ ಶುರು, ಮಾಲೂರು ದಾಟಿದ ಮೇಲೆ ಪಂಚಾಯಿತಿ. ಆ ಅತ್ತೆ ಮಾಡಿದ್ದು ಸರಿಯೇ, ಈ ಗಂಡನಿಗೆ ಬೆನ್ನುಮೂಳೆ ಇದೆಯೇ, ಎಲ್ಲರೂ ತಮ್ಮ ತಮ್ಮ ಅಭಿಪ್ರಾಯ ಹೇಳಲೇಬೇಕು. ಸುಮ್ಮನೆ ಕೂರುವಂತಿಲ್ಲ.

ಒಮ್ಮೆ ಇಸ್ತ್ರಿ ಅಂಗಿಯವನೊಬ್ಬ, ಈ ಹೆಂಗಸರಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗಿದ. ಬೆಳಗ್ಗೆ ಎದ್ದು ಅಡುಗೆ ಮಾಡಿ, ಹಾಲು ಹಾಕಿ, ಬುತ್ತಿ ಕಟ್ಟಿ ಬಂದವರಿಗೆ ಹೇಳಿದ ಮಾತು ಅದು! ಅಕ್ಕ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀನು ಬಂಗಾರ್‌ಪೇಟೆಯಿಂದ ಕ್ರಿಕೆಟ್ ಏಳ್ಕೊಂಡು ಬಂದ್ಯಲ್ಲ ಸಾಮಿ, ನಾವು ಕೇಳ್ದ್ವಾ?" ಎಂದಳು. ಸೀರಿಯಲ್ ಎಂದರೆ ಈಗಲೂ ಮೂಗು ಮುರಿಯುವವರಿದ್ದಾರೆ. ಮುರಿದುಕೊಳ್ಳಲಿ, ಅವರ ಮೂಗು. ನಮ್ಮ ಮನೆಯ ಮಾತನ್ನು ಹೊರಗೆ ಆಡಬಾರದೆಂದು ಬಾಯಿಗೆ ಹೊಲಿಗೆ ಹಾಕಿ ಕಳಿಸಿದ್ದರು. ಸೀರಿಯಲ್ ಸೊಸೆಯ ಹೆಸರು ಹಿಡಿದು ನಾವು ನಮ್ಮ ಮಾತು ಆಡಿಕೊಳ್ಳುತ್ತಿದ್ದೆವು. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಪಂಚಾಯಿತಿಯಲ್ಲಿ ಯಾರು ಜೋರಾಗಿ ಕೂಗುತ್ತಾರೆ ಎನ್ನುವುದರಿಂದಲೇ ತಿಳಿಯುತ್ತಿತ್ತು.

ಭಾನುವಾರ ಅಕ್ಕ ಸಿನಿಮಾಕ್ಕೆ ಹೋಗುತ್ತಿದ್ದಳು. ತಮಿಳೋ ತೆಲುಗೋ ಕನ್ನಡವೋ, ಭೇದವಿಲ್ಲ. ಆದರೆ ಹೆಚ್ಚಿನವನ್ನು ಅರ್ಧಕ್ಕೇ ಬಿಟ್ಟು ಬರುತ್ತಿದ್ದಳು. ಹುಡುಗಿಯ ಹಿಂದೆ ಬಿದ್ದು ಗೋಳು ಹೊಯ್ದುಕೊಂಡವನಿಗೇ ಕೊನೆಗೆ ಅವಳು ಒಲಿಯುತ್ತಾಳೆ ಎನ್ನುವ ಸುಳಿವು ಸಿಕ್ಕರೆ ಸಾಕು, "ಪೋದುಂ" ಎಂದು ಇಂಟರ್‌ವಲ್‌ನಲ್ಲಿ ಎದ್ದುಬಿಡುವುದು. ಸಾಕು ಎನ್ನುವ ಆ ತಮಿಳು ಮಾತನ್ನು ಅವಳು ಕಡ್ಡಿ ಮುರಿದಂತೆ ಹೇಳುತ್ತಿದ್ದಳು. ಟಿಕೆಟ್ ತಗೊಂಡು ಪೂರ್ತಿ ನೋಡಬಾರದೇ ಎಂದು ಟೇಕಲ್ ಬೈದರೆ, "ಮಿಕ್ಕಿದ್ದು ನಾನೇ ನೋಡ್ಕೊಂತೀನಿ" ಎನ್ನುತ್ತಿದ್ದಳು. ಆ ಮಾತಿನ ಅರ್ಥ ನಮಗಾಗ ಹೊಳೆಯಲಿಲ್ಲ.

ಆ ವರ್ಷ ನಮ್ಮ ಮನೆಗೆ ಎರಡು ಸೀಮೆ ಹಸು ಬಂದವು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹಸು ಕೊಟ್ಟಿಗೆಗೆ ಬಂದ ಮೇಲೆ ಅತ್ತೆ, ಇನ್ನು ಇವನ್ನು ನೋಡಿಕೊಳ್ಳುವವರು ಬೇಡವೇ, ಗಾರ್ಮೆಂಟ್ಸ್ ಸಾಕು ಮಾಡು ಎಂದರು. ಸೊಸೆಯನ್ನು ಕಟ್ಟಿಹಾಕಲು ನಮ್ಮ ಕಡೆ ಹಗ್ಗ ಬೇಕಿಲ್ಲ, ಹಸು ತಂದು ಕಟ್ಟಿದರೆ ಆಯಿತು. ನನ್ನ ಗಂಡ ಕೆಟ್ಟವನಲ್ಲ, ಆದರೆ ಅವರಮ್ಮನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಭಾನುವಾರ ಅವನ ಸೋದರಮಾವ ಬರುತ್ತಾರೆ, ಅವತ್ತು ತೀರ್ಮಾನ ಎಂದಾಯಿತು. ನನಗೆ ಆ ಕೆಲಸ ಬೇಕಿತ್ತು. ಮೆಷಿನ್ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಎಂದಲ್ಲ. ಬೆಳಗ್ಗೆ ಆ ಬೋಗಿಯಲ್ಲಿ ಕೂತಾಗ ಮಾತ್ರ ನಾನು ಯಾರ ಸೊಸೆಯೂ ಆಗಿರುತ್ತಿರಲಿಲ್ಲ. ಅದನ್ನು ಬಿಡಲು ನನಗೆ ಇಷ್ಟವಿರಲಿಲ್ಲ, ಇಷ್ಟೇ.

ಸೀರಿಯಲ್ಲಿನಲ್ಲೂ ಆ ವಾರ ಅದೇ ಗೋಳು. ಟೀಚರ್ ಕೆಲಸ ಬಿಡು ಎಂದು ಸೊಸೆಗೆ ಮನೆಮಂದಿಯೆಲ್ಲ ಗಂಟು ಬಿದ್ದಿದ್ದರು. ಶನಿವಾರ ಬೆಳಗ್ಗೆ ಅಕ್ಕ ಕತೆ ಹೇಳಿದಳು. ಹಾಲಿನಲ್ಲಿ ದೊಡ್ಡವರೆಲ್ಲ ಕೂತಿದ್ದಾರೆ. ಸೊಸೆ ಮೆಟ್ಟಿಲಿಳಿದು ಬರುತ್ತಾಳೆ. ಎಲ್ಲರ ಮುಖ ನೋಡುತ್ತಾಳೆ. ಇಲ್ಲಿ ಅಕ್ಕ ಎದ್ದು ನಿಂತು, ನುಗ್ಗಾಟದ ನಡುವೆಯೇ ಸೆರಗು ಸಿಕ್ಕಿಸಿಕೊಂಡು, ಸೊಸೆಯೇ ಆಗಿಬಿಟ್ಟಳು.

"ನಾಳೇನೂ ಓಗ್ತೀನಿ, ನಾಳಿದ್ದೂ ಓಗ್ತೀನಿ. ಸಂಜೆ ಬತ್ತೀನಿ. ಬಾಗ್ಲು ಆಕಿದ್ರೆ ಜಗ್ಲಿ ಮೇಲೆ ಕೂತ್ಕೊಂತೀನಿ. ಓಗೋದ್ ಮಾತ್ರ ಬಿಡಲ್ಲ."

ಅವತ್ತು ಪಂಚಾಯಿತಿಯೇ ನಡೆಯಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡೆವು. ನಾನು ಆ ಮಾತನ್ನು ದಿನವಿಡೀ ಮೆಷಿನ್ ಸದ್ದಿನಲ್ಲಿ ಬಾಯಿಪಾಠ ಮಾಡಿದೆ.

ಭಾನುವಾರ ಸೋದರಮಾವನವರು ಕಾಫಿ ಕುಡಿದು ಲೋಟ ಕೆಳಗಿಟ್ಟು, "ಏನಮ್ಮ, ಏನ್ ಏಳ್ತೀಯ?" ಎಂದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅಕ್ಕನ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಗಂಡ ತಲೆ ಎತ್ತಿ ನೋಡಿದ. ಅತ್ತೆ, "ಇದ್ಯಾರೇ ನಿಂಗೆ ಏಳ್ಕೊಟ್ಟೋರು?" ಎಂದರು. ನಾನೊಬ್ಬಳು ಪೆದ್ದಿ, ಟೀವಿಯಲ್ಲಿ ಆ ಟೀಚರೂ ಹೀಗೇ ಹೇಳಿದಳಲ್ಲ ಎಂದುಬಿಟ್ಟೆ.

ಅತ್ತೆ ಕೈ ತಟ್ಟಿ ನಕ್ಕರು. "ಯಾವ ಟೀವಿ ನೋಡ್ದೆ ನೀನು? ನಾನ್ ಕಣ್ಣಾರೆ ನೋಡಿವ್ನಿ. ಆ ಉಡುಗಿ ಅತ್ತೆ ಕಾಲಿಗ್ ಬಿದ್ಲು, ಕೆಲ್ಸ ಬಿಡ್ತೀನಿ ಅಂತ ಅತ್ಲು!"

ಸೋದರಮಾವನವರೂ ನಕ್ಕರು. ಅಕ್ಕ ಹೇಳಿದ್ದು ಸುಳ್ಳೇ? ಯಾರನ್ನು ನಂಬಿ ನಾನು ಬಾಯಿ ತೆರೆದೆನೋ ಆ ಹುಡುಗಿ ಕಾಲಿಗೆ ಬಿದ್ದು ಅಳುತ್ತಾ ಕೂತಿದ್ದಾಳೆ. ಆದರೆ ಆಡಿದ ಮಾತು, ಒಡೆದ ಮುತ್ತು. ಅವರ ನಗು ಇನ್ನೂ ನಿಂತಿರಲಿಲ್ಲ, ಆ ನಗು ಕೇಳಿಯೇ ನನಗೆ ರೇಗಿತು.

"ಅವ್ಳು ಬಿದ್ರೆ ಬೀಳ್ಲಿ ಅತ್ತೆ. ನಾನ್ ಬೀಳಲ್ಲ."

ಇದು ಯಾರೂ ಹೇಳಿಕೊಟ್ಟ ಮಾತಲ್ಲ. ನನ್ನದೇ.

ಸೋಮವಾರ ರೈಲಿನಲ್ಲಿ ಅಕ್ಕ ಹಿಡಿದಿಟ್ಟ ಸೀಟಿನಲ್ಲಿ ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲರ ಮುಂದೆ ಕೇಳಿದೆ. ಟೇಕಲ್‌ನಲ್ಲಿ ಹತ್ತಿದವಳಿಗೂ ವಿಷಯ ತಿಳಿದು ಅವಳ ಪಿತ್ತ ನೆತ್ತಿಗೇರಿತು. ಇಷ್ಟು ದಿನ ನಮ್ಮನ್ನು ಮಂಗ ಮಾಡಿದೆಯಾ ಎಂದು ಕೂಗಿದಳು. ಅಕ್ಕ ಕರವಸ್ತ್ರವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ತಪ್ಪಾಯಿತು ಎನ್ನುತ್ತಾಳೆ ಎಂದುಕೊಂಡೆ. ಅವಳಾ?

"ಅದು ಶುರುವಾಗಿ ಪಾದಿ ಆಗೋವಾಗ ನಾನು ರೈಲಿಗ್ ಓಡ್ಬೇಕು. ಅರ್ಧಾನೇ ನಾನ್ ನೋಡೋದು. ಮಿಕ್ಕಿದ್ದು ಏನಾಯ್ತದೆ ಅಂತ ಯಾರಿಗ್ ಗೊತ್ತಿಲ್ಲ? ಎಲ್ಲಾದ್ರಾಗೂ ಅವ್ಳು ಬೀಳ್ತಾಳೆ, ಅಳ್ತಾಳೆ. ಅವ್ರು ಬೀಳ್ಸ್‌ಲಿ. ನನ್ ಬಾಯಾಗೆ ಅವ್ಳು ಬೀಳಲ್ಲ. ಬೇಕಾದ್ರೆ ಕೇಳಿ, ಇಲ್ಲಾಂದ್ರೆ ಎದ್ದೋಗಿ."

ಯಾರೂ ಏಳಲಿಲ್ಲ. ಎದ್ದರೆ ಸೀಟು ಹೋಗುತ್ತದೆ ಎನ್ನುವುದೂ ಒಂದು ಕಾರಣವಿರಬಹುದು. ಆಮೇಲೆ ಅವಳು ನನ್ನ ಕೈ ಎಳೆದು ಪಕ್ಕ ಕೂರಿಸಿಕೊಂಡಳು. ದನಿ ಇಳಿದಿತ್ತು.

"ನಿಜವಾಗ್ಲೂ ಮನೇಲಿ ಅಂಗೇ ಏಳ್ಬಿಟ್ಯಾ ಕಣ್ಣು?"

ಮುದ್ದು ಬಂದರೆ ತಮಿಳಿನವರ ಹಾಗೆ ಕಣ್ಣು ಎನ್ನುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ.

"ಬಾಗ್ಲು ಆಕಿದ್ರೆ ವಾಪಸ್ ಸ್ಟೇಷನ್‌ಗೆ ಬಾ. ಕೊನೇ ರೈಲು ಅತ್ತು. ಕೋರಮಂಡಲ್‌ನಾಗೆ ಇಳ್ದು ಆಯಾ ಮನೆ ಅಂತ ಕೇಳು, ಯಾರಾದ್ರೂ ತೋರ್ಸ್ತಾರೆ."

ಅವತ್ತು ಸಂಜೆ ಬಾಗಿಲು ಹಾಕಿಯೇ ಇತ್ತು. ನಾನು ಬಡಿಯಲಿಲ್ಲ. ಜಗಲಿಯ ಮೇಲೆ ಊಟದ ಚೀಲ ಪಕ್ಕಕ್ಕಿಟ್ಟುಕೊಂಡು ಕೂತೆ. ಒಳಗೆ ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳು. ಆದರೆ ಹೋಗಲು ಒಂದು ಮನೆ ಇದೆ ಎನ್ನುವ ಧೈರ್ಯ ಎಷ್ಟು ದೊಡ್ಡದೆಂದು ಹೋಗುವ ಮನೆ ಇಲ್ಲದವರಿಗೇ ಗೊತ್ತು. ಎದುರು ಮನೆಯವರು ಬಂದು ತಮ್ಮ ಜಗಲಿಯಲ್ಲಿ ಕೂತು ನನ್ನನ್ನು ನೋಡತೊಡಗಿದರು. ಅವರ ಪಕ್ಕದ ಮನೆಯವರೂ ಬಂದರು. ಅತ್ತೆಗೆ ಸೊಸೆಗಿಂತ ಬೀದಿಯ ಭಯ ಜಾಸ್ತಿ. ಸ್ವಲ್ಪ ಹೊತ್ತಿಗೆ ಚಿಲಕ ಸದ್ದಾಯಿತು. "ಊರೆಲ್ಲ ನೋಡ್ತೈತೆ, ಒಳಕ್ ಬಾ" ಎಂದರು. ಹೋದೆ. ಮರುದಿನ ಬೆಳಗ್ಗೆ ನನ್ನ ಗಂಡ ಎದ್ದು ಹಸುಗಳ ಹತ್ತಿರ ಹೋದ. ಹಾಲು ಕರೆದ, ಡೈರಿಗೂ ಹಾಕಿ ಬಂದ. ಅವನ ಕೈಯೇನೂ ಸವೆಯಲಿಲ್ಲ.

ಎಲ್ಲಕ್ಕಿಂತ ಮೋಜೆಂದರೆ, ಮುಂದೆ ಅತ್ತೆಯೂ ದಾರಿಗೆ ಬಂದರು. ನಿಜವಾದ ಸೀರಿಯಲ್ಲನ್ನು ಕಣ್ಣಾರೆ ನೋಡಿದವರು, ಮುದ್ದೆ ತಿರುವುತ್ತಾ, ನನ್ನ ಮುಖ ನೋಡದೆ, "ನಿಮ್ ರೈಲ್ನಾಗೆ ಅವ್ಳಿಗೆ ಏನಾಯ್ತು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ನಮ್ಮ ರೈಲಿನ ಟೀಚರ್ ಅಷ್ಟು ಹೊತ್ತಿಗೆ ಹೆಡ್‌ಮಿಸ್ ಆಗಿದ್ದಳು. ಟೀವಿಯವಳು ಇನ್ನೂ ಅದೇ ಹಾಲಿನಲ್ಲಿ ಅಳುತ್ತಿದ್ದಳು.

ಆಮೇಲೆ ರೈಲುಗಳೇ ನಿಂತುಹೋದ ಆ ಕೆಟ್ಟ ಕಾಲ ಬಂತು. ಮತ್ತೆ ಓಡತೊಡಗಿದಾಗ ಬಂಗಾರಪೇಟೆಯಲ್ಲಿ ಹತ್ತಿ ನೋಡಿದರೆ ನನ್ನ ಸೀಟಿನಲ್ಲಿ ಊಟದ ಚೀಲವಿರಲಿಲ್ಲ. ಮರುದಿನವೂ ಇರಲಿಲ್ಲ. ಫೋನ್ ನಂಬರನ್ನೂ ಇಸಿದುಕೊಂಡಿರಲಿಲ್ಲ, ದಿನಾ ಸಿಗುವವರ ನಂಬರ್ ಯಾರಿಗೆ ಬೇಕು... ಒಂದು ಭಾನುವಾರ ಕೋರಮಂಡಲ್‌ಗೆ ಹೋಗಿ ಆಯಾ ಮನೆ ಎಂದು ಕೇಳಿದೆ. ಅವಳು ಹೇಳಿದಂತೆಯೇ ಯಾರೋ ತೋರಿಸಿದರು. ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯ ಹೆಂಗಸು ಒಳಗೆ ಕರೆದು ನೀರು ಕೊಟ್ಟು, ಹೋಗಿಬಿಟ್ಟಳಮ್ಮ ಎಂದಳು ತಮಿಳಿನಲ್ಲಿ. ಆ ನರ್ಸಿಂಗ್ ಹೋಮಿನಲ್ಲೇ ಕೆಲಸ ಮಾಡುತ್ತಾ ಕಾಯಿಲೆ ಹತ್ತಿಸಿಕೊಂಡಳಂತೆ. ಕೊನೆಗೆ ಹೇಗಿದ್ದಳು, ಏನೇನಾಯಿತು ಎಂದು ಆಕೆ ಹೇಳಲು ಶುರು ಮಾಡಿದಳು.

"ಪೋದುಂ" ಎಂದು ನಾನು ಎದ್ದುಬಿಟ್ಟೆ.

ಆಕೆಗೆ ಬೇಸರವಾಗಿರಬೇಕು. ಆಗಲಿ. ಅಕ್ಕನ ಕೊನೆಯನ್ನು ನಾನು ಕೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬೇರೆ ಥರ ಮಾಡಿ ಹೇಳಿಕೊಳ್ಳೋಣವೆಂದು ವಾಪಸ್ ಬರುವಾಗ ರೈಲಿನಲ್ಲಿ ಕೂತು ನೋಡಿದೆ. ಅವಳು ಬೇರೆ ಊರಿಗೆ ಹೋದಳು, ಅಲ್ಲಿ ಯಾರಿಗೋ ಕತೆ ಹೇಳುತ್ತಿದ್ದಾಳೆ ಎಂದು... ಆಗಲಿಲ್ಲ. ಅಕ್ಕ ಇಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಮೊನ್ನೆ ಆ ನೀಲಗಿರಿ ಎಣ್ಣೆಯ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನಿನಲ್ಲಿ ಸೀರಿಯಲ್ ನೋಡುತ್ತಿದ್ದಳು. ಈಗ ಎಲ್ಲರೂ ಅವರವರ ಫೋನಿನಲ್ಲಿ ಅವರವರೇ ಅಳುತ್ತಾರೆ, ಪಂಚಾಯಿತಿಯಿಲ್ಲ. ಟೇಕಲ್ ದಾಟುವಾಗ ನೆಟ್‌ವರ್ಕ್ ಹೋಯಿತು. ಅವಳು ಫೋನನ್ನು ಅಲ್ಲಾಡಿಸಿದಳು, ಕಿಟಕಿಯತ್ತ ಹಿಡಿದಳು, ಕೊನೆಗೆ ಸೋತು ನನ್ನ ಕಡೆ ನೋಡಿದಳು. ಬಗ್ಗಿ ನೋಡಿದೆ. ಪರದೆಯ ಮೇಲೆ ಒಬ್ಬಳು ಸೊಸೆ ಕೈ ಮುಗಿದು ನಿಂತಿದ್ದಳು, ಸುತ್ತ ದೊಡ್ಡವರು ಕೂತಿದ್ದರು.

"ಇದು ನೀವ್ ನೋಡಿದ್ರಾ ಆಂಟಿ? ಆಮೇಲೆ ಏನಾಯ್ತು?"

ಆ ಸೀರಿಯಲ್ಲಿನ ಹೆಸರೂ ನನಗೆ ಗೊತ್ತಿರಲಿಲ್ಲ.

"ನೋಡಿದೆ" ಎಂದೆ. "ವೈರು ತೆಗಿ, ಕತೆ ಏಳ್ತೀನಿ. ಅವ್ಳು ಕಾಲಿಗ್ ಬೀಳ್ಲಿಲ್ಲ."